ಏಳದ ಯಂತ್ರವನ್ನು ಎಬ್ಬಿಸುವ ಕೈ

ಗಣಕಯಂತ್ರ ಚಾಲನೆಗೊಳ್ಳುವುದಕ್ಕೆ ‘ಬೂಟ್’ ಎಂಬ ಹೆಸರಿದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆತ್ತಿ ಮೇಲೇಳುವುದು ಎಂಬ ಇಂಗ್ಲಿಷ್ ನುಡಿಗಟ್ಟಿನಿಂದ ಬಂದದ್ದು ಅದು. ಕಾರ್ಯಾಚರಣಾ ವ್ಯವಸ್ಥೆಯನ್ನು ಯಂತ್ರದ ಸ್ಮೃತಿಗೆ ತರಲು ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಮನ್ನೇ ತರುವವರಾರು?

1975ರ ಆಲ್ಟೇರ್ 8800 ಯಂತ್ರದಲ್ಲಿ ಆ ಕೆಲಸ ಮನುಷ್ಯನದಾಗಿತ್ತು. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಮೊದಲ ಸೂಚನೆಗಳನ್ನು ಒಂದೊಂದಾಗಿ ತುಂಬಬೇಕಿತ್ತು. ಒಂದು ಸ್ವಿಚ್ಚು ತಪ್ಪಿದರೂ ಯಂತ್ರ ಏಳುತ್ತಿರಲಿಲ್ಲ. ವಿದ್ಯುತ್ ಹೋದರೆ ಎಲ್ಲವೂ ಅಳಿಸಿಹೋಗುತ್ತಿತ್ತು.

1981ರ ಐಬಿಎಂ ಪಿಸಿಯಲ್ಲಿ ಈ ಸೂಚನೆಗಳು ‘ಬಯಾಸ್’ ಎಂಬ ಹೆಸರಿನಲ್ಲಿ, ಅಳಿಯದ ಚಿಪ್ಪಿನೊಳಗೆ ಇದ್ದವು. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಒಂದು ಕಿರು ‘ಬೀಪ್’ ಸದ್ದಿನಿಂದ ಕ್ಷೇಮವೆಂದು ತಿಳಿಸುತ್ತಿತ್ತು. ಬೇರೆ ಬಗೆಯ ಸದ್ದು ದೋಷದ ಸೂಚನೆ. ಪರದೆ ಬೆಳಗದಿದ್ದರೂ ಕಿವಿಯಿಂದಲೇ ರೋಗ ಪತ್ತೆ ಹಚ್ಚಬಹುದಿತ್ತು. ವಿಂಡೋಸ್ 95ರ ‘ಸೇಫ್ ಮೋಡ್’ ಅತ್ಯಗತ್ಯ ಭಾಗಗಳನ್ನಷ್ಟೇ ಎಬ್ಬಿಸಿ, ತೊಂದರೆ ಕೊಡುವ ಭಾಗವನ್ನು ಹುಡುಕಲು ಅವಕಾಶ ನೀಡಿತು.

ಈ ಹಳೆಯ ಉಪಾಯವೇ 2024ರ ಜುಲೈ 19ರಂದು ನೆರವಿಗೆ ಬಂತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ವಿಮಾನಗಳು ರದ್ದಾದವು, ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾಯಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಟ್ಟರು. ಪೂರ್ತಿ ಏಳುವ ಮೊದಲೇ ಬೀಳುತ್ತಿದ್ದ ಯಂತ್ರಗಳನ್ನು ದೂರದಿಂದ ಸರಿಪಡಿಸುವುದು ಕಷ್ಟವಾಗಿತ್ತು. ಸಿಬ್ಬಂದಿ ಒಂದೊಂದರ ಮುಂದೆಯೂ ಕುಳಿತು, ಸೇಫ್ ಮೋಡಿನಲ್ಲಿ ಚಾಲನೆ ಮಾಡಿ, ಆ ಕಡತವನ್ನು ಅಳಿಸಬೇಕಾಯಿತು.

ಸ್ವಿಚ್ಚುಗಳ ಕಾಲ ಮುಗಿದು ದಶಕಗಳೇ ಕಳೆದಿದ್ದರೂ, ಮೊದಲ ಮೆಟ್ಟಿಲಲ್ಲೇ ಎಡವಿದ ಯಂತ್ರಕ್ಕೆ ಅಂದು ಆಸರೆಯಾದದ್ದು ಮನುಷ್ಯನ ಕೈಯೇ.