ಬಡ್ಡಿಯ ದರವೂ ಬ್ಯಾಂಕುಗಳ ಪೈಪೋಟಿಯೂ

ಸದಾಶಿವ ಪೇಠದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚುವ ಸಂಪ್ರದಾಯವನ್ನು ಕಂಡು ಹೊಸದಾಗಿ ಬಂದ ಕನ್ನಡಿಗರು ನಗುವುದುಂಟು. ಅರ್ಥಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ನಗುವಂಥದೇನೂ ಇಲ್ಲ. ಎಲ್ಲರೂ ಮುಚ್ಚಿದರೆ ಯಾರಿಗೂ ನಷ್ಟವಿಲ್ಲ. ಮಧ್ಯಾಹ್ನದ ಗಿರಾಕಿ ಸಂಜೆ ಬಂದಾನು. ಒಬ್ಬನು ತೆರೆದನೋ, ಉಳಿದವರ ನಿದ್ರೆಗೆ ಭಂಗ. ಚಿತಳೆ ಬಂಧುಗಳು 2017ರಲ್ಲಿ ಮಧ್ಯಾಹ್ನವೂ ಅಂಗಡಿ ತೆರೆದಿಡಲು ನಿಶ್ಚಯಿಸಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಎದುರಾಳಿಯ ನಡೆಯನ್ನು ಊಹಿಸಿ ತನ್ನ ನಡೆಯನ್ನು ಇಡುವ ಈ ವ್ಯಾಪಾರವನ್ನು ಫ್ರಾನ್ಸಿನ ಕೂರ್ನೋ ಎಂಬ ಪಂಡಿತನು 1838ರಲ್ಲಿಯೇ, ಚಿಲುಮೆಯ ನೀರು ಮಾರುವ ಇಬ್ಬರ ಉದಾಹರಣೆಯಿಂದ, ಗಣಿತಕ್ಕೆ ಇಳಿಸಿದನು. ಯಾರೊಬ್ಬನೂ ತಾನೊಬ್ಬನೇ ನಡೆ ಬದಲಿಸಿ ಲಾಭ ಪಡೆಯಲಾರದ ಸ್ಥಿತಿಯನ್ನು 1950ರಲ್ಲಿ ನ್ಯಾಶ್ ಎಂಬ ಅಮೆರಿಕದ ತರುಣನು ಸಾಮಾನ್ಯ ಸೂತ್ರವಾಗಿ ಹೇಳಿದನು. ಇದಕ್ಕೆ ‘ಆಟದ ಸಿದ್ಧಾಂತ’ವೆಂದು ಹೆಸರು. ಆದರೆ ಆಡುವುದು ಜನರ ಹಣದೊಡನೆ.

ನಮ್ಮ ಅವಿಭಕ್ತ ದಕ್ಷಿಣ ಕನ್ನಡ ಜಿಲ್ಲೆಯನ್ನೇ ನೋಡಿರಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯನ್ನೂ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನೂ ಸ್ಥಾಪಿಸಿದರು. (ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಜನ್ಮವರ್ಷವೂ 1906!) 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದೇ ಜಿಲ್ಲೆ, ಐದು ಬ್ಯಾಂಕು.

ಇಬ್ಬರು ಎದುರುಬದುರು ಕುಳಿತು ನೂರಕ್ಕೆ ಮೂರು ಬಡ್ಡಿ ಕೊಡುತ್ತಿದ್ದಾರೆನ್ನಿ. ಒಬ್ಬನು ಮೂರೂವರೆ ಎಂದರೆ ಠೇವಣಿಯೆಲ್ಲ ಅವನ ಕಡೆಗೆ ಸರಿಯುತ್ತದೆ. ಮರುದಿನ ಇನ್ನೊಬ್ಬನೂ ಮೂರೂವರೆ ಎನ್ನುತ್ತಾನೆ. ಠೇವಣಿ ಮೊದಲಿನಂತೆಯೇ ಹಂಚಿಹೋಗುತ್ತದೆ, ಖರ್ಚು ಮಾತ್ರ ಇಬ್ಬರಿಗೂ ಹೆಚ್ಚು. ಇದನ್ನು ತಿಳಿದವನು ದರದ ತಂಟೆಗೆ ಹೋಗುವುದಿಲ್ಲ. ಬೇರೆ ದಾರಿ ಹುಡುಕುತ್ತಾನೆ. 1928ರಲ್ಲಿ ಸಿಂಡಿಕೇಟಿನವರು ಹುಡುಕಿದ ದಾರಿಯೇ ಪಿಗ್ಮಿ ಠೇವಣಿ. ಏಜೆಂಟನು ಪ್ರತಿದಿನ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಹಣವನ್ನೂ ಒಯ್ಯತಕ್ಕ ಏರ್ಪಾಡು ಅದು. ದರ ಏರಿಸಿದವನು ನೆರೆಯ ಬ್ಯಾಂಕಿನ ಹಣವನ್ನು ಎಳೆದುಕೊಳ್ಳುತ್ತಾನೆ. ಪಿಗ್ಮಿಯಾದರೋ ಅಡಿಗೆಮನೆಯ ಡಬ್ಬಿಯಲ್ಲಿದ್ದ ಹಣವನ್ನು ಹೊರತಂದಿತು. ನನ್ನ ಅಭಿಪ್ರಾಯದಲ್ಲಿ ನಮ್ಮ ಬ್ಯಾಂಕುಗಳ ಇತಿಹಾಸದಲ್ಲಿ ಇದಕ್ಕಿಂತ ಜಾಣ ನಡೆ ಇಲ್ಲ.

ದೇಶದ ದೊಡ್ಡ ಬ್ಯಾಂಕುಗಳು ದರದ ಪೈಪೋಟಿಯಿಂದ ಬೇಸತ್ತು 1958ರಲ್ಲಿ ತಮ್ಮೊಳಗೇ ಒಪ್ಪಂದ ಮಾಡಿಕೊಂಡವು. 1964ರಲ್ಲಿ ರಿಸರ್ವ್ ಬ್ಯಾಂಕೇ ಠೇವಣಿಯ ದರಗಳನ್ನು ಗೊತ್ತುಪಡಿಸತೊಡಗಿತು. ಇದಕ್ಕೆ ಸಮರ್ಥನೆ ಇಲ್ಲದಿಲ್ಲ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಬಿದ್ದುದನ್ನು ಕಂಡ ಜನರಿಗೆ, ಹೆಚ್ಚಿನ ಬಡ್ಡಿಗಿಂತ ಅಸಲು ಉಳಿಯುವುದು ಮುಖ್ಯವಾಗಿತ್ತು.

ಉಳಿತಾಯ ಖಾತೆಯ ದರವು ಬ್ಯಾಂಕುಗಳ ಇಚ್ಛೆಗೆ ಬಿಟ್ಟದ್ದಾದುದು 2011ರ ಅಕ್ಟೋಬರ್ 25ರಂದು. ಹೊಸಬರಾದ ಯೆಸ್ ಬ್ಯಾಂಕಿನವರು ಕೂಡಲೇ ನೂರಕ್ಕೆ 6 ಎಂದರು. ದೊಡ್ಡವರು 4ರಲ್ಲಿಯೇ ನಿಂತರು. ಕಾರಣ ಸ್ಪಷ್ಟ: ದರ ಏರಿಸಿದರೆ ಹೊಸ ಠೇವಣಿಗಷ್ಟೇ ಅಲ್ಲ, ಹಳೆಯದಕ್ಕೆಲ್ಲ ಏರಿಸಬೇಕು, ಹಳೆಯ ಗಂಟು ದೊಡ್ಡದಿದ್ದವನಿಗೆ ಅದು ಭಾರ. ಹೀಗೆ ಯಾರೂ ಯಾರೊಡನೆಯೂ ಮಾತನಾಡದೆ 1958ರ ಒಪ್ಪಂದದಂಥದೇ ಒಂದು ಸ್ಥಿತಿ ಉಂಟಾಯಿತು. 2017ರ ಜುಲೈ 31ರಂದು ಸ್ಟೇಟ್ ಬ್ಯಾಂಕು ಒಂದು ಕೋಟಿಯವರೆಗಿನ ಖಾತೆಗಳಿಗೆ ದರವನ್ನು ಮೂರೂವರೆಗೆ ಇಳಿಸಿತು. ಠೇವಣಿದಾರರು ಬೇರೆಡೆಗೆ ಓಡಬಹುದಿತ್ತು. ಆದರೆ ಮುಂದಿನ ತಿಂಗಳೇ ಇತರ ದೊಡ್ಡ ಬ್ಯಾಂಕುಗಳೂ ಹಿಂಬಾಲಿಸಿದವು. ಖಾತೆಯಲ್ಲಿ ಒಂದು ಲಕ್ಷ ಇಟ್ಟ ಪಿಂಚಣಿದಾರನಿಗೆ ವರ್ಷಕ್ಕೆ ಐದುನೂರು ರೂಪಾಯಿ ಖೋತಾ.

ಆಟಗಾರರು ಕಡಿಮೆಯಾದಷ್ಟೂ ಇಂಥ ಮೌನದ ಹೊಂದಾಣಿಕೆ ಸುಲಭವೆಂದು ಸಿದ್ಧಾಂತ ಹೇಳುತ್ತದೆ. ಮೇಲೆ ಹೇಳಿದ ಐದರಲ್ಲಿ ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿಯೂ, ಪಿಗ್ಮಿಯನ್ನು ಕಂಡುಹಿಡಿದ ಸಿಂಡಿಕೇಟು ಅದೇ ದಿನ ತನ್ನ ಹಳೆಯ ಎದುರಾಳಿ ಕೆನರಾ ಬ್ಯಾಂಕಿನಲ್ಲಿಯೂ ಲೀನವಾದವು.