ಸುದರ್ಶನ ಕೆರೆಯ ಏರಿ: ಒಂದೇ ಬಂಡೆಯ ಮೇಲೆ ಎರಡು ದುರಸ್ತಿ

ಜುನಾಗಢದಿಂದ ಗಿರಿನಾರ್ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ಬಂಡೆ ಶಾಸನಾಸಕ್ತರಿಗೆ ಹೊಸದೇನಲ್ಲ. ಅಶೋಕನ ಹದಿನಾಲ್ಕು ಧರ್ಮಶಾಸನಗಳು, ಕ್ಷತ್ರಪ ರುದ್ರದಾಮನ ಇಪ್ಪತ್ತು ಸಾಲಿನ ಸಂಸ್ಕೃತ ಗದ್ಯ, ಗುಪ್ತರ ಸ್ಕಂದಗುಪ್ತನ ಪದ್ಯಶಾಸನ, ಮೂರೂ ಆ ಒಂದೇ ಕಲ್ಲಿನ ಮೇಲಿವೆ. ರುದ್ರದಾಮನ ಶಾಸನ ಅಂದ ಕೂಡಲೇ ನಾವು ಸಂಸ್ಕೃತ ಕಾವ್ಯಶೈಲಿಯ ಇತಿಹಾಸದ ಕಡೆ ಹೊರಳಿಬಿಡುತ್ತೇವೆ. ಅದು ತಪ್ಪಲ್ಲ. ಆದರೆ ಶಾಸನದ ಮೊದಲ ಅರ್ಧ ಹೇಳುವುದು ಒಂದು ಕೆರೆ ಏರಿ ಒಡೆದ ಕಥೆ. ಅದನ್ನು ಏರಿ ಕಟ್ಟುವವರ ಕಣ್ಣಿನಿಂದ ಓದಿದರೆ ಏನು ಸಿಗುತ್ತೆ ಅಂತ ನೋಡೋಣ.

ಕೆರೆಯ ಹೆಸರು ಸುದರ್ಶನ. ಕಟ್ಟಿಸಿದವನು ಚಂದ್ರಗುಪ್ತ ಮೌರ್ಯನ ಪ್ರಾಂತಾಧಿಕಾರಿ, ವೈಶ್ಯ ಪುಷ್ಯಗುಪ್ತ. ಅಶೋಕನ ಕಾಲದಲ್ಲಿ ಯವನರಾಜ ತುಷಾಸ್ಫ ಅದಕ್ಕೆ ನೀರು ಹರಿಸುವ ಪ್ರಣಾಳಿಗಳನ್ನು ಮಾಡಿಸಿದ. ಶಾಸನಕಾರ ಏರಿಯನ್ನು ಬೆಟ್ಟದ ಬುಡಕ್ಕೇ ಸ್ಪರ್ಧಿ ಅನ್ನುತ್ತಾನೆ. ಮಣ್ಣು ಮತ್ತು ಕಲ್ಲನ್ನು 'ನಿಃಸಂಧಿ'ಯಾಗಿ, ಅಂದರೆ ಸಂದಿಲ್ಲದಂತೆ ಕಟ್ಟಲಾಗಿತ್ತಂತೆ. ಪ್ರಣಾಳಿಯ ಜೊತೆಗೆ 'ಪರೀವಾಹ'ವೂ ಇತ್ತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ತೂಬೂ ಇತ್ತು, ಕೋಡಿಯೂ ಇತ್ತು.

ಇಷ್ಟಿದ್ದೂ ಅದು ಒಡೆಯಿತು. ಶಕ ವರ್ಷ 72, ಅಂದರೆ ಕ್ರಿ.ಶ. 150, ಮಾರ್ಗಶೀರ್ಷ ಬಹುಳ ಪಾಡ್ಯ. ಈ ತಿಂಗಳನ್ನು ಗಮನಿಸಿ. ಮಳೆಗಾಲ ಮುಗಿದಿದೆ, ಕೆರೆ ತುಂಬಿ ನಿಂತಿದೆ, ತಿಂಗಳುಗಟ್ಟಲೆ ನೀರು ಕುಡಿದು ಏರಿಯ ಮಣ್ಣು ನೆನೆದಿದೆ. ನೆನೆದ ಮಣ್ಣಿಗೆ ತೂಕ ಹೆಚ್ಚು, ಹಿಡಿತ ಕಮ್ಮಿ. ಅಂಥ ಹೊತ್ತಿನಲ್ಲಿ ಅಕಾಲಿಕ ಬಿರುಗಾಳಿ ಮಳೆ. ಊರ್ಜಯತ್ ಬೆಟ್ಟದಿಂದ ಇಳಿಯುವ ಸುವರ್ಣಸಿಕತಾ, ಪಲಾಶಿನೀ ಮೊದಲಾದ ಹೊಳೆಗಳು ಉಕ್ಕಿದವು. ಬಿರುಕು 420 ಹಸ್ತ ಉದ್ದ, ಅಷ್ಟೇ ಅಗಲ, 75 ಹಸ್ತ ಆಳ. ನದಿಯ ತಳದವರೆಗೂ ತೆರೆದುಹೋಯಿತು ಅನ್ನುತ್ತೆ ಶಾಸನ. ಹಸ್ತವನ್ನು ಒಂದೂವರೆ ಅಡಿ ಅಂತ ಹಿಡಿದರೆ ಉದ್ದ 630 ಅಡಿ, ಆಳ 110 ಅಡಿ ದಾಟುತ್ತೆ.

ಉದ್ದ, ಅಗಲ ಎರಡಕ್ಕೂ ಒಂದೇ ಸಂಖ್ಯೆ ಬಂದಿರುವುದು ಅನುಮಾನ ಹುಟ್ಟಿಸುತ್ತದೆ, ನಿಜ. ಆದರೂ ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. ಬಿರುಕು ನದಿಯ ತಳ ಮುಟ್ಟಿದ್ದರಿಂದ 420 ಹಸ್ತದ ಅಗಲವನ್ನು ಏರಿಯ ಬುಡದ ಅಗಲ ಅಂತಲೇ ಹಿಡಿಯೋಣ, ಎತ್ತರ 75. ಆಗ ಒಂದೊಂದು ಪಕ್ಕಕ್ಕೂ 210 ಹಸ್ತ, ಇಳಿಜಾರು ಒಂದಕ್ಕೆ 2.8. ಏರಿಯ ತಲೆಯ ಅಗಲ ಕಳೆದರೆ ಇನ್ನೂ ಸ್ವಲ್ಪ ಕಮ್ಮಿ. ಇವತ್ತು ಮಣ್ಣಿನ ಅಣೆಕಟ್ಟುಗಳಿಗೆ ಎಂಜಿನಿಯರುಗಳು ಕೊಡುವ ಇಳಿಜಾರೂ ಒಂದಕ್ಕೆ ಎರಡರಿಂದ ಮೂರರೊಳಗೇ ಸಾಮಾನ್ಯವಾಗಿ ಬರುತ್ತದೆ. ಇದನ್ನು ಪುರಾವೆ ಅಂತ ನಾನು ಒತ್ತಿ ಹೇಳಲಾರೆ. ಆದರೆ ಸಂಖ್ಯೆಗಳು ಬರೀ ಹೊಗಳುಭಟರ ಉತ್ಪ್ರೇಕ್ಷೆಯಾಗಿದ್ದರೆ ಇಷ್ಟು ಹೊಂದುತ್ತಿದ್ದವೇ?

ಇನ್ನೊಂದು ಪದಗುಚ್ಛ ನನ್ನನ್ನು ಬಹಳ ದಿನ ಕಾಡಿದೆ. ತುಷಾಸ್ಫ ಮಾಡಿಸಿದ್ದ ಪ್ರಣಾಳಿ 'ಆ ಭೇದದಲ್ಲಿ ಕಂಡಿತು' ಅಂತ ಶಾಸನ ಹೇಳುತ್ತದೆ. ಏರಿ ಕೊಚ್ಚಿಹೋದಾಗ ಅದರ ಹೊಟ್ಟೆಯಲ್ಲಿ ನಾಲ್ಕು ಶತಮಾನ ಹಳೆಯ ತೂಬು ಬಯಲಾಯಿತು! ಶಾಸನಕಾರನಿಗೆ ಇದು ರಾಜಯೋಗ್ಯವಾದ ಕೆಲಸವನ್ನು ಮೆಚ್ಚುವ ಸಂದರ್ಭ. ಏರಿ ಕಟ್ಟುವವರಿಗೆ ಮಾತ್ರ ಇದು ಬೇರೆಯೇ ಸುಳಿವು. ಮಣ್ಣಿನ ಏರಿಯ ದುರ್ಬಲ ಜಾಗ ಸಾಮಾನ್ಯವಾಗಿ ತೂಬಿನ ಮಗ್ಗುಲೇ. ಕಲ್ಲಿಗೂ ಮಣ್ಣಿಗೂ ಅಂಟು ಪೂರ್ತಿ ಕೂಡುವುದಿಲ್ಲ. ಆ ಸಂದಿನಲ್ಲಿ ನೀರು ಮೊದಲು ಜಿನುಗುತ್ತೆ, ಆಮೇಲೆ ಮಣ್ಣನ್ನು ಕಣಕಣವಾಗಿ ಹೊತ್ತೊಯ್ದು ಒಳಗೇ ಬಿಲ ಕೊರೆಯುತ್ತೆ. ಹಳ್ಳಿಗಳಲ್ಲಿ ನೀರುಗಂಟಿಯ ಕಣ್ಣು ಮೊದಲು ಹೋಗುವುದೂ ಏರಿಯ ಹೊರಮಗ್ಗುಲಿನ ಒದ್ದೆ ಜಾಗಕ್ಕೆ. ಅಲ್ಲಿ ಬರುವ ನೀರು ತಿಳಿಯಾಗಿದೆಯೋ, ಕೆಂಪಾಗಿದೆಯೋ ಅಂತ ನೋಡುತ್ತಾನೆ. ಸುದರ್ಶನ ಒಡೆದದ್ದಕ್ಕೆ ಶಾಸನ ಹೊಣೆ ಹೊರಿಸುವುದು ಪ್ರಳಯದಂಥ ಗಾಳಿಗೆ. ನನ್ನ ಊಹೆ, ಗಾಳಿಮಳೆ ಕೊನೆಯ ತಳ್ಳು ಕೊಟ್ಟಿರಬಹುದು, ಬಿರುಕು ಬಿಟ್ಟದ್ದು ತೂಬಿದ್ದ ಕಡೆಯೇ.

ಇರಲಿ. ಒಡೆದ ಮೇಲೆ ಕೆರೆ ಮರುಭೂಮಿಯಂತಾಗಿ ಸುದರ್ಶನ ದುರ್ದರ್ಶನವಾಯಿತು. ದುರಸ್ತಿಯ ಪ್ರಶ್ನೆ ಬಂದಾಗ ರಾಜನ ಮತಿಸಚಿವರು, ಕರ್ಮಸಚಿವರು ಬಿರುಕಿನ ಗಾತ್ರ ನೋಡಿಯೇ ಕೈಚೆಲ್ಲಿದರು, ಕೆಲಸ ಶುರುಮಾಡುವುದನ್ನೇ ವಿರೋಧಿಸಿದರು. ಏರಿ ಮತ್ತೆ ಕಟ್ಟುವ ಆಸೆ ಹೋಯಿತೆಂದು ಜನ ಹಾಹಾಕಾರ ಮಾಡಿದರು. ಪ್ರಶಸ್ತಿ ಶಾಸನವೊಂದು ತನ್ನದೇ ಆಸ್ಥಾನದ ಈ ಭಿನ್ನಮತವನ್ನು ಕಲ್ಲಿನ ಮೇಲೆ ಬಿಟ್ಟಿರುವುದು ಅಪರೂಪ. ಕೊನೆಗೆ ಕೆಲಸ ಮುಗಿಸಿದವನು ಆನರ್ತ-ಸುರಾಷ್ಟ್ರಗಳ ಅಧಿಕಾರಿ, ಪಹ್ಲವ ಕುಲೈಪನ ಮಗ ಸುವಿಶಾಖ. ಕರ, ವಿಷ್ಟಿ (ಬಿಟ್ಟಿ ದುಡಿಮೆ), ಪ್ರಣಯ (ಒತ್ತಾಯದ ಕಾಣಿಕೆ) ಯಾವುದರಿಂದಲೂ ಜನರನ್ನು ಪೀಡಿಸದೆ, ಸ್ವಂತ ಬೊಕ್ಕಸದಿಂದ, ಮೊದಲಿಗಿಂತ ಮೂರು ಪಟ್ಟು ಗಟ್ಟಿ ಏರಿ ಕಟ್ಟಿಸಿದೆ ಅಂತ ರುದ್ರದಾಮ ಹೇಳಿಕೊಳ್ಳುತ್ತಾನೆ.

ಆ ಬಂಡೆಯಲ್ಲಿ ಮುಂದಿನ ಸುದ್ದಿ 300 ವರ್ಷದ ನಂತರದ್ದು. ಗುಪ್ತ ವರ್ಷ 136ರ (ಕ್ರಿ.ಶ. 455-56) ಭಾದ್ರಪದದ ಷಷ್ಠಿಯ ರಾತ್ರಿ ಮತ್ತೆ ಒಡೆಯಿತು. ಪರ್ಣದತ್ತನ ಮಗ ಚಕ್ರಪಾಲಿತ ಮುಂದಿನ ಗ್ರೀಷ್ಮದಲ್ಲಿ, ಎರಡೇ ತಿಂಗಳಲ್ಲಿ, ಚೆನ್ನಾಗಿ ಹೊಂದಿಸಿದ ಕಲ್ಲುಗಳಿಂದ ಕಟ್ಟಿಸಿದ. ಮುಂದಿನ ಮಳೆಗೆ ಮೊದಲು ಮುಗಿಸಲೇಬೇಕಾದ ಕೆಲಸ ಅದು. 100 ಹಸ್ತ ಉದ್ದ, 68 ಅಗಲ, ಏಳು ಆಳೆತ್ತರ. ಆಳಿಗೆ ನಾಲ್ಕು ಹಸ್ತ ಅಂದರೆ ಎತ್ತರ 28, ಇಳಿಜಾರು ಒಂದಕ್ಕೆ 1.2 ಮಾತ್ರ. ಬರೀ ಮಣ್ಣಾದರೆ ಇಷ್ಟು ಕಡಿದಾದ ಮೈ ನಿಲ್ಲುವುದು ಕಷ್ಟ. ಕಲ್ಲುಕಟ್ಟಡದ ಮಾತು ಬರುವುದು ಇಲ್ಲೇ.

ವಿಜಯನಗರದ ಬುಕ್ಕನ ಮಗ ಭಾಸ್ಕರ ಭವದೂರನ ಪೋರುಮಾಮಿಳ್ಳ ಶಾಸನ (ಶಕ 1291, ಕ್ರಿ.ಶ. 1369, ಈಗಿನ ಕಡಪ ಜಿಲ್ಲೆ) ಕೆರೆಯ ಹನ್ನೆರಡು ಅಂಗ, ಆರು ದೋಷಗಳನ್ನು ಪಟ್ಟಿ ಮಾಡುತ್ತದೆ. ಗಟ್ಟಿ ಜೇಡಿಯ ನೆಲ, ಬೆಟ್ಟದ ಎರಡು ಮಗ್ಗುಲ ನಡುವೆ ತೀರಾ ಉದ್ದವಲ್ಲದ ಕಲ್ಲಿನ ಏರಿ, ಹತ್ತಿರದಲ್ಲೇ ಉದ್ದನೆಯ ಕಲ್ಲು ಸಿಗುವ ಗಣಿ, ಕೆಲಸ ಬಲ್ಲ ಆಳುಗಳು ಅಂಗಗಳಲ್ಲಿ ಸೇರಿವೆ. ದೋಷಗಳಲ್ಲಿ ಒಂದು ಏರಿಯಿಂದ ನೀರು ಜಿನುಗುವುದು! ದಿನಕ್ಕೆ ಸಾವಿರ ಆಳು, ಕಲ್ಲು ಹೊರಲು ನೂರು ಬಂಡಿ, ಎರಡು ವರ್ಷದ ಕೆಲಸ.

ಗಿರಿನಾರಿನ ಎರಡೂ ಶಾಸನಗಳು ಕಟ್ಟಿದವರನ್ನು ಹೊಗಳುತ್ತವೆ. ನಡುವಿನ ಮುನ್ನೂರು ವರ್ಷ ಆ ಏರಿಗೆ ಮಣ್ಣು ಹಾಕಿದವರು, ಬಿಲ ಮುಚ್ಚಿದವರು ಯಾರು, ಅವರಿಗೆ ಕೂಲಿ ಎಲ್ಲಿಂದ ಬರುತ್ತಿತ್ತು ಅನ್ನುವುದು ಅಲ್ಲಿಲ್ಲ. ಅದಕ್ಕೆ ನಮ್ಮ ಊರುಗಳ ಸಣ್ಣ ಕಲ್ಲುಗಳನ್ನೇ ಓದಬೇಕು. ಕೆರೆಯನ್ನು ನೋಡಿಕೊಳ್ಳುವವನಿಗೆ ಕೊಟ್ಟ ಕಟ್ಟುಕೊಡಗೆ ಗದ್ದೆ, ಹೂಳೆತ್ತಿ ಏರಿಗೆ ಮಣ್ಣು ಹೊರುವ ಬಂಡಿಗೆ ಬಿಟ್ಟ ಭೂಮಿ, ಆ ಭೂಮಿಯ ನಾಲ್ಕು ಎಲ್ಲೆ, ತಪ್ಪಿದವರಿಗೆ ಶಾಪ. ಕಾವ್ಯವಿಲ್ಲ, ಭಾಷೆಯೂ ಒರಟು. ಎಷ್ಟೋ ಕಲ್ಲುಗಳು ಈಗ ಕೋಡಿಯ ಪಕ್ಕ ಮುಳ್ಳುಪೊದೆಯೊಳಗೆ ಅರ್ಧ ಹೂತುಕೊಂಡು ನಿಂತಿವೆ.