ದಂತ ಇಂಪ್ಲಾಂಟ್: ಅಂತರ ತಪ್ಪಿದರೆ ಮೂಳೆಗೂ ವಸಡಿಗೂ ಹಾನಿ

ಕಳೆದುಹೋದ ಹಲ್ಲಿನ ಸ್ಥಾನದಲ್ಲಿ ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪನ್ನು ದಂತ ಇಂಪ್ಲಾಂಟ್ ಎನ್ನುತ್ತಾರೆ. ಟೈಟಾನಿಯಂ ಮೂಳೆಯೊಡನೆ ಬೆಸೆದುಕೊಳ್ಳುವ ಗುಣವನ್ನು ಗುರುತಿಸಿದ ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್ ಅವರು 1965ರಲ್ಲಿ ಇದನ್ನು ಮೊದಲಿಗೆ ರೋಗಿಯೊಬ್ಬರಿಗೆ ಅಳವಡಿಸಿದರು. ಆದರೆ ತಿರುಪು ಗಟ್ಟಿಯಾಗಿ ನಿಂತ ಮಾತ್ರಕ್ಕೆ ಚಿಕಿತ್ಸೆ ಫಲಿಸಿತೆಂದು ಹೇಳಲಾಗದು. ಅದು ಪಕ್ಕದ ಹಲ್ಲಿನಿಂದ ಹಾಗೂ ಪಕ್ಕದ ಇಂಪ್ಲಾಂಟಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಅಷ್ಟೇ ಮುಖ್ಯ.

ಮೂಳೆ ಕರಗುವುದೇಕೆ?

ಸಹಜ ಹಲ್ಲನ್ನು ಮೂಳೆಗೆ ಬಂಧಿಸುವ ತಂತುಪೊರೆಯೊಂದಿದೆ. ವಸಡಿಗೆ ರಕ್ತ ಪೂರೈಸುವ ಮಾರ್ಗಗಳಲ್ಲಿ ಅದೂ ಒಂದು. ಇಂಪ್ಲಾಂಟಿಗೆ ಈ ಪೊರೆ ಇಲ್ಲ. ಅದರ ಮೇಲ್ಜೋಡಣೆ ಬಾಯಿಗೆ ತೆರೆದುಕೊಂಡ ನಂತರ ಕುತ್ತಿಗೆಯ ಸುತ್ತಲಿನ ಮೂಳೆ ಬಟ್ಟಲಿನಾಕಾರದಲ್ಲಿ ಸ್ವಲ್ಪ ಕರಗುತ್ತದೆ. ಈ ಸವೆತ ಪಕ್ಕಕ್ಕೆ ಸುಮಾರು 1.3ರಿಂದ 1.4 ಮಿ.ಮೀ.ವರೆಗೆ ಹರಡುತ್ತದೆ. ಎರಡು ಇಂಪ್ಲಾಂಟ್‌ಗಳು ತೀರ ಸಮೀಪವಿದ್ದರೆ ಇಂತಹ ಎರಡು ಬಟ್ಟಲುಗಳು ಕೂಡಿಕೊಂಡು, ನಡುವಿನ ಮೂಳೆಯ ಏಣೇ ಕುಸಿಯುತ್ತದೆ.

ಅಮೆರಿಕದ ಡೆನಿಸ್ ಟಾರ್ನೊ ಮತ್ತು ಸಂಗಡಿಗರು 2000ದಲ್ಲಿ 36 ರೋಗಿಗಳ ಎಕ್ಸ್-ರೇಗಳನ್ನು ಅಳೆದು ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು. ಅಂತರ 3 ಮಿ.ಮೀ.ಗಿಂತ ಹೆಚ್ಚಿದ್ದಲ್ಲಿ ಏಣಿನ ಎತ್ತರ ಸರಾಸರಿ 0.45 ಮಿ.ಮೀ. ತಗ್ಗಿದ್ದರೆ, 3 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಇದ್ದಲ್ಲಿ 1.04 ಮಿ.ಮೀ. ತಗ್ಗಿತ್ತು.

ವಸಡಿನ ಗತಿ

ಹಲ್ಲುಗಳ ನಡುವಿನ ವಸಡಿನ ತ್ರಿಕೋನಕ್ಕೆ ಆಧಾರ ಕೆಳಗಿನ ಮೂಳೆ. ಮೂಳೆ ಇಳಿದರೆ ವಸಡೂ ಇಳಿದು ಕಪ್ಪು ಸಂದಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಆಹಾರ ಸಿಲುಕುತ್ತದೆ, ಮುಂಬಲ್ಲುಗಳಲ್ಲಾದರೆ ನಗೆಯ ಅಂದವೂ ಕೆಡುತ್ತದೆ. ಒತ್ತೊತ್ತಾದ ಇಂಪ್ಲಾಂಟ್‌ಗಳ ನಡುವೆ ಬ್ರಷ್ ತೂರದೆ ಕೊಳೆ ನಿಂತು, ಉರಿಯೂತ ಮೂಳೆಯನ್ನು ಇನ್ನಷ್ಟು ಕಬಳಿಸಬಹುದು. ಒಮ್ಮೆ ಕುಸಿದ ವಸಡನ್ನು ಮೊದಲಿನಂತೆ ಬೆಳೆಸುವುದು ಬಹು ಕಷ್ಟ.

ಲೆಕ್ಕಾಚಾರ

ಇಂಪ್ಲಾಂಟ್‌ಗಳ ನಡುವೆ ಕನಿಷ್ಠ 3 ಮಿ.ಮೀ., ಇಂಪ್ಲಾಂಟ್ ಮತ್ತು ಸಹಜ ಹಲ್ಲಿನ ನಡುವೆ ಕನಿಷ್ಠ 1.5 ಮಿ.ಮೀ. ಎಂಬುದು ರೂಢಿಯಲ್ಲಿರುವ ಸೂತ್ರ. ಅದರಂತೆ ಎರಡು ಹಲ್ಲುಗಳ ನಡುವೆ 4 ಮಿ.ಮೀ. ದಪ್ಪದ ಎರಡು ಇಂಪ್ಲಾಂಟ್ ಕೂರಿಸಲು ಒಟ್ಟು 14 ಮಿ.ಮೀ. ಸ್ಥಳ ಬೇಕು. ಅಷ್ಟಿಲ್ಲದಿದ್ದರೆ ಕಿರಿದಾದ ಇಂಪ್ಲಾಂಟ್ ಬಳಸಬಹುದು, ಇಲ್ಲವೇ ಸಂಖ್ಯೆಯನ್ನೇ ಕಡಿಮೆ ಮಾಡಬಹುದು. ಉದಾಹರಣೆಗೆ, ಮೇಲಿನ ನಾಲ್ಕು ಮುಂಬಲ್ಲುಗಳು ಹೋಗಿದ್ದರೆ ನಾಲ್ಕು ತಿರುಪುಗಳನ್ನು ತುರುಕುವ ಬದಲು ಎರಡನ್ನು ನೆಟ್ಟು ಸೇತುವೆ ಕಟ್ಟುವುದು ಹಲವು ಸಂದರ್ಭಗಳಲ್ಲಿ ಲೇಸು. ಮೇಲ್ಜೋಡಣೆಯನ್ನು ಇಂಪ್ಲಾಂಟಿನ ಬಾಯಿಗಿಂತ ಕಿರಿದಾಗಿಸುವ ವಿನ್ಯಾಸಗಳು ಮೂಳೆ ಸವೆತವನ್ನು ತಗ್ಗಿಸುತ್ತವೆಯಾದರೂ ಅಂತರದ ಮಹತ್ವವನ್ನು ಅಳಿಸಿಲ್ಲ.

ಮೂಳೆಗೆ ಬೆಸೆದ ಇಂಪ್ಲಾಂಟನ್ನು ಹಲ್ಲಿನಂತೆ ತಂತಿ ಕಟ್ಟಿ ಸರಿಸಲು ಬಾರದು. ಆದ್ದರಿಂದ ಅಳತೆಯೆಲ್ಲವೂ ಶಸ್ತ್ರಚಿಕಿತ್ಸೆಗೆ ಮೊದಲೇ ಆಗಬೇಕು. ಮೂರು ಆಯಾಮದ ಸ್ಕ್ಯಾನ್ ಅಗತ್ಯವೇ, ಎಷ್ಟು ಇಂಪ್ಲಾಂಟ್, ನಡುವೆ ಎಷ್ಟು ಅಂತರ ಎಂದು ರೋಗಿಗಳು ವೈದ್ಯರನ್ನು ಮುಂಚಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳಿತು.